ಬೆಂಗಳೂರಿನ ಸಣ್ಣ ಕಂಪನಿಗೆ ವಿದೇಶಿ ಡೆವಲಪರ್ ಒಬ್ಬರನ್ನು ಕರೆಸಿಕೊಳ್ಳಲು ಯಾವ ವೀಸಾ, ಹೇಗೆ?

ನೀವು ಕೇಳಿರುವುದು ಇಷ್ಟು: ಎಚ್‌ಎಸ್‌ಆರ್ ಲೇಔಟ್‌ನಲ್ಲಿ 14 ಜನರ ಕಂಪನಿ. ಜೆಕ್ ಗಣರಾಜ್ಯದ ಡೇಟಾಬೇಸ್ ಡೆವಲಪರ್ ಒಬ್ಬರು ಬರಲು ಒಪ್ಪಿದ್ದಾರೆ. ಅವರು 14 ತಿಂಗಳಿಂದ ಬರ್ಲಿನ್‌ನಲ್ಲಿ ಕೆಲಸ ಮಾಡುತ್ತಿದ್ದಾರೆ. ನೀವು ಹೇಳಿರುವ ಸಿಟಿಸಿ, ಅಂದರೆ ಅವರಿಗಾಗಿ ಕಂಪನಿಗೆ ವರ್ಷಕ್ಕೆ ತಗಲುವ ಒಟ್ಟು ವೆಚ್ಚ, 17 ಲಕ್ಷ. ಮೊದಲು ಟೂರಿಸ್ಟ್ ವೀಸಾದಲ್ಲಿ ಬಂದು ಕೆಲಸ ಶುರು ಮಾಡಲಿ, ಆಮೇಲೆ ಇಲ್ಲೇ ವೀಸಾ ಬದಲಾಯಿಸಿಕೊಂಡರಾಯಿತು ಎಂದು ಯೋಚಿಸಿದ್ದೀರಿ. ಇದರಲ್ಲಿ ಮೂರು ಕಡೆ ಪೆಟ್ಟು ಬೀಳುತ್ತದೆ: ವೀಸಾದ ಬಗೆ, ಅರ್ಜಿ ಹಾಕುವ ಊರು, ಸಂಬಳದ ಲೆಕ್ಕ. ಆಫರ್ ಲೆಟರ್‌ಗೆ ಇನ್ನೂ ಸಹಿ ಬಿದ್ದಿಲ್ಲ ಎಂದಿದ್ದೀರಿ. ಹಾಗಾದರೆ ಮೂರನ್ನೂ ಈಗಲೇ ಸರಿಮಾಡಿಕೊಳ್ಳಬಹುದು.

ಮೊದಲು ವೀಸಾದ ಬಗೆ. ಟೂರಿಸ್ಟ್ ವೀಸಾದಲ್ಲಿ ಬಂದವರು ಇಲ್ಲಿ ಕೆಲಸ ಮಾಡುವಂತಿಲ್ಲ. ಅದನ್ನು ಇಲ್ಲಿದ್ದುಕೊಂಡೇ ಕೆಲಸದ ವೀಸಾಗೆ ಬದಲಾಯಿಸಿಕೊಳ್ಳಲೂ ಬರುವುದಿಲ್ಲ. ಬಿಸಿನೆಸ್ ವೀಸಾದಲ್ಲಿ ಬಂದು ನಿಮ್ಮ ಜೊತೆ ಮಾತುಕತೆ, ಮೀಟಿಂಗ್ ಮಾಡಬಹುದು, ಆದರೆ ನಿಮ್ಮ ತಂಡದಲ್ಲಿ ಕೂತು ಕೋಡ್ ಬರೆಯುವಂತಿಲ್ಲ. ಸಂಬಳ ಹೊರದೇಶದ ಖಾತೆಗೆ ಹೋಗುತ್ತದಲ್ಲ ಎಂಬ ಸಮಜಾಯಿಷಿ ನಡೆಯುವುದಿಲ್ಲ. ನಿಮಗೆ ಬೇಕಾದದ್ದು ಎಂಪ್ಲಾಯ್‌ಮೆಂಟ್ ವೀಸಾ. ಏಜೆಂಟರು ಇದನ್ನು ‘ಇ ವೀಸಾ’ ಅನ್ನುತ್ತಾರೆ. ಆನ್‌ಲೈನ್‌ನಲ್ಲಿ ಸಿಗುವ ‘ಇ-ವೀಸಾ’ ಬೇರೆಯೇ. ಫೋನಿನಲ್ಲಿ ಎರಡೂ ಒಂದೇ ಥರ ಕೇಳಿಸುವುದರಿಂದ ಎಷ್ಟೋ ಜನ ಇ-ಟೂರಿಸ್ಟ್ ಪಡೆದುಕೊಂಡು ಕೆಲಸದ ವೀಸಾ ಸಿಕ್ಕಿತು ಎಂದುಕೊಂಡುಬಿಡುತ್ತಾರೆ. ಎಂಪ್ಲಾಯ್‌ಮೆಂಟ್ ವೀಸಾ ಪಾಸ್‌ಪೋರ್ಟ್‌ನಲ್ಲಿ ಅಂಟಿಸಿ ಬರುವ ಸ್ಟಿಕ್ಕರ್. ಅದನ್ನು ಕೊಡುವುದು ರಾಯಭಾರ ಕಚೇರಿ.

ಇಲ್ಲೊಂದು ಮಾತು ಕೇಳಿಬಿಡಿ: ಅವರಿಗೋ ಅವರ ಹೆಂಡತಿಗೋ ಭಾರತೀಯ ಮೂಲವಿದೆಯೇ? ಆ ಡೆವಲಪರ್ ಬಳಿ ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ, ಅವರ ಸಂಗಾತಿಗೆ ನಮ್ಮ ಸರ್ಕಾರ ಕೊಡುವ ಕಾರ್ಡ್) ಇದ್ದರೆ ಈ ವೀಸಾದ ಗೊಡವೆಯೇ ಬೇಡ, ನಾಳೆಯೇ ಕೆಲಸಕ್ಕೆ ಸೇರಿಸಿಕೊಳ್ಳಬಹುದು. ನೇಪಾಳ, ಭೂತಾನ್ ಪ್ರಜೆಗಳಿಗೂ ವೀಸಾ ಬೇಕಿಲ್ಲ.

ಇನ್ನು ಅರ್ಜಿ ಹಾಕುವ ಊರು. ಎಂಪ್ಲಾಯ್‌ಮೆಂಟ್ ವೀಸಾಗೆ ತಮ್ಮ ದೇಶದಿಂದ ಅರ್ಜಿ ಹಾಕಬೇಕು. ಬೇರೆ ದೇಶದಿಂದ ಹಾಕಬೇಕಾದರೆ ಅಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ನೆಲೆಸಿರಬೇಕು ಅಥವಾ ಕೆಲಸದಲ್ಲಿರಬೇಕು. ನಿಮ್ಮವರು ಬರ್ಲಿನ್‌ನಲ್ಲಿರುವುದು 14 ತಿಂಗಳಿಂದ. ಆದ್ದರಿಂದ ಅವರು ಪ್ರಾಗ್‌ನಲ್ಲಿರುವ ನಮ್ಮ ರಾಯಭಾರ ಕಚೇರಿಗೆ ಅರ್ಜಿ ಹಾಕುವುದೇ ಸರಿಯಾದ ದಾರಿ. ಬರ್ಲಿನ್ ಮನೆ ಖಾಲಿ ಮಾಡುವ ದಿನ, ಪ್ರಾಗ್‌ನಲ್ಲಿ ಉಳಿಯುವ ವ್ಯವಸ್ಥೆ, ವಿಮಾನದ ಟಿಕೆಟ್ ಎಲ್ಲವನ್ನೂ ಇದಕ್ಕೆ ಹೊಂದಿಸಿಕೊಳ್ಳಲು ಹೇಳಿ. ವೀಸಾ ಕೈಗೆ ಬರುವವರೆಗೆ ಅಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಡುವುದು ಬೇಡ ಎಂದೂ ಹೇಳಿ. ನೋಟಿಸ್ ಪಿರಿಯಡ್ ಉದ್ದವಿದ್ದರೆ ಅದಕ್ಕೆ ತಕ್ಕಂತೆ ಸೇರುವ ದಿನವನ್ನು ನೀವೇ ಮುಂದಕ್ಕೆ ಹಾಕಿ. ನಾನಾದರೆ ಕರಾರಿಗೆ ಸಹಿ ಬಿದ್ದ ದಿನದಿಂದ ಕಚೇರಿಗೆ ಬರುವ ದಿನದವರೆಗೆ ಎರಡು ತಿಂಗಳಾದರೂ ಇಟ್ಟುಕೊಳ್ಳುತ್ತೇನೆ.

ಈಗ ಸಂಬಳ. ನಿಮ್ಮ ಮೂರು ತೊಡಕುಗಳಲ್ಲಿ ದೊಡ್ಡದು ಇದೇ. ವರ್ಷದ ಸಂಬಳ 16.25 ಲಕ್ಷಕ್ಕಿಂತ ಹೆಚ್ಚಿರಬೇಕು ಎಂಬುದು ನಿಯಮ. ಸಿಟಿಸಿ 17 ಲಕ್ಷ ಇದೆಯಲ್ಲ, ದಾಟಿತಲ್ಲ ಎಂದು ನಿಮಗೆ ಅನ್ನಿಸಿದೆ. ಆದರೆ ಲೆಕ್ಕಕ್ಕೆ ಬರುವುದು ನಗದಾಗಿ ಕೊಡುವ ಸಂಬಳ ಮತ್ತು ಭತ್ಯೆ. ಅದರ ಜೊತೆಗೆ, ಆದಾಯ ತೆರಿಗೆಯ ಲೆಕ್ಕದಲ್ಲಿ ಸಂಬಳದೊಳಗೆ ಸೇರುವ ಸವಲತ್ತುಗಳು. ಸಿಟಿಸಿಯ ಎಲ್ಲ ಸಾಲುಗಳೂ ಇದರಲ್ಲಿ ಬರುವುದಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಸಿಟಿಸಿ ಒಡೆಯುವ ರೀತಿಯಲ್ಲೇ ಒಡೆದು ನೋಡಿ. ವೇರಿಯಬಲ್ 1,50,000. ಬೇಸಿಕ್ 8,50,000 ಎಂದುಕೊಂಡರೆ ಕಂಪನಿ ಕಟ್ಟುವ ಪಿಎಫ್ 12 ಪರ್ಸೆಂಟ್, ಅಂದರೆ 1,02,000. ಗ್ರಾಚ್ಯುಯಿಟಿ 4.81 ಪರ್ಸೆಂಟ್, ಅಂದರೆ 40,885. ಇಷ್ಟನ್ನೂ ಕಳೆದರೆ ಖಚಿತವಾಗಿ ಕೈಗೆ ಬರುವ ಸಂಬಳ 14,07,115. ಮಿತಿಗಿಂತ ಎರಡು ಲಕ್ಷಕ್ಕೂ ಹೆಚ್ಚು ಕಡಿಮೆ. ವೇರಿಯಬಲ್ ಸೇರಿಸಿಕೊಂಡರೂ ಮುಟ್ಟುವುದಿಲ್ಲ. ಅದೂ ಅಲ್ಲದೆ ಗುರಿ ಮುಟ್ಟಿದರೆ ಮಾತ್ರ ಸಿಗುವ ದುಡ್ಡನ್ನು ನೆಚ್ಚಿ ವೀಸಾ ಅರ್ಜಿ ಹಾಕುವುದನ್ನು ನಾನು ಒಪ್ಪುವುದಿಲ್ಲ.

‘ಹಾಗಾದರೆ ಕಂಪನಿಯಿಂದಲೇ ಮನೆ ಮಾಡಿಕೊಡುತ್ತೇವೆ, ಬಾಡಿಗೆ ಸೇರಿಸಿಕೊಳ್ಳಿ’ ಎನ್ನುವವರಿದ್ದಾರೆ. ಸೇರಿಸಬಹುದು, ಆದರೆ ಪೂರ್ತಿ ಬಾಡಿಗೆಯನ್ನಲ್ಲ. ಕಂಪನಿ ಬಾಡಿಗೆಗೆ ಹಿಡಿದುಕೊಟ್ಟ ಮನೆಯ ತೆರಿಗೆ ಮೌಲ್ಯ ಎಂದರೆ ಸಂಬಳದ 10 ಪರ್ಸೆಂಟ್ ಅಥವಾ ನಿಜವಾದ ಬಾಡಿಗೆ, ಎರಡರಲ್ಲಿ ಯಾವುದು ಕಡಿಮೆಯೋ ಅದು. ತಿಂಗಳಿಗೆ 45,000 ಬಾಡಿಗೆ ಕಟ್ಟಿದರೆ ವರ್ಷಕ್ಕೆ 5,40,000 ಆಗುತ್ತದೆ, ಆದರೆ ಲೆಕ್ಕಕ್ಕೆ ಸಿಗುವುದು ಸುಮಾರು 1,40,000. ಒಟ್ಟು ಹದಿನೈದೂವರೆ ಲಕ್ಷದ ಹತ್ತಿರ ನಿಂತುಬಿಡುತ್ತದೆ. ಸವಲತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಾದರೆ ನಗದು ಎಷ್ಟು, ಸವಲತ್ತಿನ ಬೆಲೆ ಎಷ್ಟು ಎಂದು ಕರಾರಿನಲ್ಲೇ ಬೇರೆ ಬೇರೆ ಸಾಲಿನಲ್ಲಿ ಬರೆದಿರಬೇಕು. ನನ್ನ ಸಲಹೆ: ಮನೆ, ಬೋನಸ್ ಯಾವುದನ್ನೂ ನೆಚ್ಚದೆ ತಿಂಗಳಿಗೆ 1,50,000 ಖಚಿತ ನಗದು ಬರೆಯಿರಿ, ವರ್ಷಕ್ಕೆ 18 ಲಕ್ಷ ಆಗುತ್ತದೆ. ಅಷ್ಟು ಕೊಡಲು ಆಗದಿದ್ದರೆ ಈ ನೇಮಕವನ್ನೇ ಕೈಬಿಡುವುದು ಲೇಸು. ಕಾಗದದಲ್ಲಿ ಒಂದು, ಬ್ಯಾಂಕಿನಲ್ಲಿ ಇನ್ನೊಂದು ಮಾಡಿದರೆ ಸಿಕ್ಕಿಬೀಳುವುದು ವಿಸ್ತರಣೆಯ ಹೊತ್ತಿಗೆ. ಅಷ್ಟರಲ್ಲಿ ಆ ಮನುಷ್ಯ ಸಂಸಾರ ಸಮೇತ ಇಲ್ಲಿ ನೆಲೆಸಿರುತ್ತಾರೆ.

ಪಿಎಫ್ ಮಾತು ಬಂದದ್ದರಿಂದ ಹೇಳುತ್ತೇನೆ. 2008ರಿಂದ ವಿದೇಶಿ ನೌಕರರಿಗೆ 15,000 ರೂಪಾಯಿಯ ಮಿತಿ ಇಲ್ಲದೆ ಪೂರ್ತಿ ವೇತನದ ಮೇಲೆ ಪಿಎಫ್ ಕಟ್ಟಬೇಕೆಂಬ ನಿಯಮವಿತ್ತು. 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ವಿಶೇಷ ನಿಯಮವನ್ನು ಅಸಾಂವಿಧಾನಿಕ ಎಂದು ರದ್ದು ಮಾಡಿತು. ವ್ಯಾಜ್ಯ ಅಲ್ಲಿಗೆ ಮುಗಿಯಲಿಲ್ಲ. ಸಂಬಳ ನಿಗದಿ ಮಾಡುವ ಮೊದಲೇ ನಿಮ್ಮ ಪಿಎಫ್ ಕನ್ಸಲ್ಟೆಂಟ್ ಅವರಿಂದ ಇದರ ಬಗ್ಗೆ ಲಿಖಿತ ಅಭಿಪ್ರಾಯ ತೆಗೆದುಕೊಳ್ಳಿ. ಜೆಕ್ ಗಣರಾಜ್ಯದ ಜೊತೆ ನಮಗೆ ಸಾಮಾಜಿಕ ಭದ್ರತೆಯ ಒಪ್ಪಂದವಿದೆ. ಹಾಗಾಗಿ ಪಿಎಫ್ ಕಟ್ಟಿದರೂ ಅವರು ಕೆಲಸ ಬಿಟ್ಟು ಹೋಗುವಾಗ ಹಣ ತೆಗೆದುಕೊಳ್ಳಲು 58 ವರ್ಷ ತುಂಬುವವರೆಗೆ ಕಾಯಬೇಕಿಲ್ಲ.

ಕಾಗದಗಳ ವಿಷಯಕ್ಕೆ ಬರೋಣ. ನಿಮ್ಮ ಕಡೆಯಿಂದ ಬೇಕಾಗುವುದು ಕಂಪನಿಯ ನೋಂದಣಿ ಪತ್ರ, ಪ್ಯಾನ್, ಜಿಎಸ್‌ಟಿ, ಎರಡೂ ಕಡೆ ಸಹಿಯಾದ ಕರಾರು, ಅವರ ಜವಾಬ್ದಾರಿ ನಮ್ಮದು ಎಂಬ ಪತ್ರ, ಮತ್ತು ಈ ಕೆಲಸಕ್ಕೆ ಇವರೇ ಏಕೆ ಎಂಬ ಸಮರ್ಥನೆಯ ಪತ್ರ. ಅವರ ಕಡೆಯಿಂದ ಆರು ತಿಂಗಳಿಗಿಂತ ಹೆಚ್ಚು ಅವಧಿ ಇರುವ, ಎರಡು ಖಾಲಿ ಪುಟಗಳಿರುವ ಪಾಸ್‌ಪೋರ್ಟ್, ಎರಡು ಇಂಚಿನ ಚೌಕದ ಬಿಳಿ ಹಿನ್ನೆಲೆಯ ಫೋಟೋ, ಪದವಿ ಪತ್ರ, ಹಿಂದಿನ ಕೆಲಸಗಳ ಅನುಭವ ಪತ್ರಗಳು, ರೆಸ್ಯೂಮೆ. ರಾಯಭಾರ ಕಚೇರಿ ಇನ್ನೂ ಒಂದೆರಡು ಕೇಳಬಹುದು, ಅವರ ಪಟ್ಟಿಯನ್ನು ಮುಂದಿಟ್ಟುಕೊಂಡೇ ಜೋಡಿಸಿ.

ಇವುಗಳಲ್ಲಿ ಜನ ಕಾಟಾಚಾರಕ್ಕೆ ಬರೆಯುವುದು ಸಮರ್ಥನೆಯ ಪತ್ರ. ಇಲ್ಲೇ ಸಾಕಷ್ಟು ಭಾರತೀಯರು ಸಿಗುವ ಕೆಲಸಕ್ಕೆ, ಮಾಮೂಲಿ ಗುಮಾಸ್ತಿಕೆಯಂಥ ಕೆಲಸಕ್ಕೆ ಈ ವೀಸಾ ಕೊಡುವುದಿಲ್ಲ. ಬೆಂಗಳೂರಿನ ಕಂಪನಿ ‘ಸಾಫ್ಟ್‌ವೇರ್ ಇಂಜಿನಿಯರ್ ಬೇಕು’ ಎಂದಷ್ಟೇ ಬರೆದರೆ ಓದುವ ಅಧಿಕಾರಿಗೆ ಏಳುವ ಪ್ರಶ್ನೆ ಒಂದೇ: ಆ ಊರಿನಲ್ಲಿ ಸಿಗಲಿಲ್ಲವೇ? ಅದಕ್ಕೆ ಉತ್ತರ ಪತ್ರದೊಳಗೇ ಇರಬೇಕು. ನಿಮ್ಮ ಉತ್ಪನ್ನದಲ್ಲಿ ಯಾವ ಭಾಗ ಇವರ ಕೈಗೆ ಹೋಗುತ್ತದೆ, ಅದಕ್ಕೆ ಯಾವ ಪರಿಣತಿ ಬೇಕು, ಅದನ್ನು ಇವರು ಎಲ್ಲಿ, ಎಷ್ಟು ವರ್ಷ ಮಾಡಿದ್ದಾರೆ, ನೀವು ಇಲ್ಲಿ ಯಾವಾಗಿನಿಂದ ಹುಡುಕಿದಿರಿ, ಇವರು ಬಂದರೆ ತಂಡದ ಎಷ್ಟು ಜನ ಕಲಿಯುತ್ತಾರೆ ಎಂದು ಒಂದು ಪುಟದಲ್ಲಿ ನಿಜವನ್ನೇ ಬರೆಯಿರಿ. ಹುದ್ದೆಯ ಹೆಸರೂ ಕೆಲಸಕ್ಕೆ ತಕ್ಕಂತಿರಲಿ. ಕರಾರಿನಲ್ಲಿ ಒಂದು ಹುದ್ದೆ, ಪತ್ರದಲ್ಲಿ ಇನ್ನೊಂದು, ಅರ್ಜಿಯಲ್ಲಿ ಮತ್ತೊಂದು ಇದ್ದರೆ ಅಲ್ಲೇ ನಿಲ್ಲುತ್ತದೆ.

ಹೆಸರಿನ ವಿಷಯ ಚಿಕ್ಕದಾಗಿ ಕಂಡರೂ ತೊಂದರೆ ಕೊಡುವಂಥದ್ದು. ಜೆಕ್ ಹೆಸರುಗಳಲ್ಲಿ ಅಕ್ಷರದ ತಲೆಯ ಮೇಲೆ ಚಿಹ್ನೆಗಳಿರುತ್ತವೆ. ಪಾಸ್‌ಪೋರ್ಟ್‌ನ ಫೋಟೋ ಪುಟದ ಅಡಿಯಲ್ಲಿ ಬಾಣದ ಗುರುತುಗಳಿಂದ ತುಂಬಿದ ಎರಡು ಸಾಲು ಇದೆಯಲ್ಲ, ಅಲ್ಲಿ ಆ ಚಿಹ್ನೆಗಳಿಲ್ಲದೆ ಬರಿಯ ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಅಚ್ಚಾಗಿರುತ್ತದೆ. ಕರಾರು, ವೀಸಾ ಅರ್ಜಿ, ಬಾಡಿಗೆ ಕರಾರು, ಪ್ಯಾನ್ ಎಲ್ಲದರಲ್ಲೂ ಅದೇ ಕಾಗುಣಿತ, ಅದೇ ಕ್ರಮ ಬಳಸಿ.

ವೀಸಾ ಅಂಟಿಸಿದ ಪಾಸ್‌ಪೋರ್ಟ್ ಕೈಗೆ ಬಂದ ಕೂಡಲೇ ಆ ಪುಟದ ಫೋಟೋ ತರಿಸಿಕೊಂಡು ನೋಡಿ: ನಿಮ್ಮ ಕಂಪನಿಯ ಹೆಸರು ಸರಿಯಾಗಿದೆಯೇ, ಎಷ್ಟು ಸಲ ಬಂದು ಹೋಗಬಹುದು, ಯಾವತ್ತಿನವರೆಗೆ ಇದೆ. ತಪ್ಪಿದ್ದರೆ ಪ್ರಾಗ್‌ನಲ್ಲಿರುವಾಗಲೇ ತಿದ್ದಿಸುವುದು ಸುಲಭ. ಇನ್ನೊಂದು, ಅವಧಿಯ ಎಣಿಕೆ ಶುರುವಾಗುವುದು ವೀಸಾ ಕೊಟ್ಟ ದಿನದಿಂದ, ಇಲ್ಲಿ ಬಂದಿಳಿದ ದಿನದಿಂದಲ್ಲ. ಒಂದು ವರ್ಷದ ವೀಸಾ ತೆಗೆದುಕೊಂಡು ಎರಡು ತಿಂಗಳು ತಡವಾಗಿ ಬಂದರೆ ಉಳಿಯುವುದು ಹತ್ತೇ ತಿಂಗಳು. ಸಂಸಾರ ಜೊತೆಗೆ ಬರುವುದಾದರೆ ಅವರಿಗೆ ಎಂಟ್ರಿ ವೀಸಾ ಸಿಗುತ್ತದೆ, ಅದರ ಮೇಲೆ ಇಲ್ಲಿ ಕೆಲಸ ಮಾಡುವಂತಿಲ್ಲ.

ದೇವನಹಳ್ಳಿಯಲ್ಲಿ ಇಳಿದ ಮೇಲೆ ಎರಡು ಗಡುವು. ಒಂದು 24 ಗಂಟೆ, ಇನ್ನೊಂದು 14 ದಿನ. ವೀಸಾ ಅವಧಿ 180 ದಿನ ಮೀರಿದ್ದರೆ 14 ದಿನದೊಳಗೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಯಾದ ಎಫ್‌ಆರ್‌ಆರ್‌ಒದಲ್ಲಿ ನೋಂದಣಿ ಆಗಬೇಕು. ನಮ್ಮ ಎಫ್‌ಆರ್‌ಆರ್‌ಒ ಕಚೇರಿ ಇರುವುದು ಶಾಂತಿನಗರದ ಬಿಎಂಟಿಸಿ ಬಸ್ ನಿಲ್ದಾಣದ ಕಟ್ಟಡದಲ್ಲಿ. ಆದರೆ 2018ರಿಂದ ಅರ್ಜಿ ಆನ್‌ಲೈನ್‌ನಲ್ಲೇ ನಡೆಯುತ್ತದೆ, ಕರೆದರೆ ಮಾತ್ರ ಹೋಗಬೇಕು. ಪಾಸ್‌ಪೋರ್ಟ್, ವೀಸಾ, ಕರಾರು, ಕಂಪನಿಯ ಪತ್ರ, ಸಹಿ ಹಾಕಿದವರ ಗುರುತಿನ ಚೀಟಿ ಇವೆಲ್ಲ ನಿಮ್ಮ ಕೈಯಲ್ಲೇ ಇರುತ್ತವೆ. ಸಿಕ್ಕಿಹಾಕಿಕೊಳ್ಳುವುದು ವಿಳಾಸದ ದಾಖಲೆಯಲ್ಲಿ. ವಿದೇಶಿಯರು ಬಂದು ಉಳಿದ 24 ಗಂಟೆಯೊಳಗೆ ಮನೆ ಮಾಲೀಕರು ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ಎಲ್ಲರ ಬಾಯಲ್ಲೂ ಅದು ಇಂದಿಗೂ ‘ಫಾರ್ಮ್ ಸಿ’. ಅದಕ್ಕೆ ಮಾಲೀಕರು ಮೊದಲು ತಮ್ಮ ಹೆಸರಿನಲ್ಲಿ ಲಾಗಿನ್ ಪಡೆದಿರಬೇಕು. ಅಡ್ವಾನ್ಸ್ ಎಣಿಸಿಕೊಂಡ ಮೇಲೆ ‘ಇದೆಲ್ಲ ನಮಗೆ ಗೊತ್ತಿಲ್ಲಪ್ಪ, ಪೊಲೀಸ್ ಗಿಲೀಸ್ ಬೇಡ’ ಎನ್ನುವ ಮಾಲೀಕರು ಬೇಕಾದಷ್ಟಿದ್ದಾರೆ. ಅವರ ಭಯ ನನಗೆ ಅರ್ಥವಾಗುತ್ತದೆ, ಆದರೆ ಈ ಮಾಹಿತಿ ಕೊಡದಿದ್ದರೆ ತೊಂದರೆ ಅವರಿಗೂ ತಪ್ಪಿದ್ದಲ್ಲ. ಅದನ್ನು ಬಿಡಿಸಿ ಹೇಳಿ, ಅಡ್ವಾನ್ಸ್ ಕೊಡುವ ಮೊದಲೇ ಒಪ್ಪಿಸಿಕೊಳ್ಳಿ, ಜೊತೆಯಲ್ಲಿ ಕೂತು ಲಾಗಿನ್ ಮಾಡಿಸಿಕೊಡಿ. ಇಲ್ಲವಾದರೆ ಮೊದಲ ತಿಂಗಳು ಸರ್ವಿಸ್ ಅಪಾರ್ಟ್‌ಮೆಂಟ್‌ನಲ್ಲಿ ಇಳಿಸಿ. ಅವರಿಗೆ ಇದು ದಿನನಿತ್ಯದ ಕೆಲಸ. ಆಮೇಲೆ ಮನೆ ಬದಲಾಯಿಸಿದಾಗ ಹೊಸ ಫಾರ್ಮ್ ಸಿ ಆಗಬೇಕು, ಎಫ್‌ಆರ್‌ಆರ್‌ಒದಲ್ಲಿ ವಿಳಾಸವೂ ಬದಲಾಗಬೇಕು.

ನೋಂದಣಿ ಪತ್ರ ಬಂದ ಮೇಲೆ ಸಂಬಳದ ಖಾತೆ, ಪ್ಯಾನ್ ಮಾಡಿಸಿ. ವಿದೇಶಿಯರ ಪ್ಯಾನ್ ಅರ್ಜಿಯ ನಮೂನೆ ಬೇರೆ ಎಂಬುದು ನೆನಪಿರಲಿ. ಮೊದಲ ತಿಂಗಳಿಂದಲೇ ಕರಾರಿನಲ್ಲಿ ಬರೆದಷ್ಟೇ ಸಂಬಳ ಬ್ಯಾಂಕಿನ ಮೂಲಕ ಹೋಗಲಿ, ಟಿಡಿಎಸ್ ಸರಿಯಾಗಿ ಕಟ್ಟಿ.

ಈ ವೀಸಾ ನಿಮ್ಮ ಕಂಪನಿಗೆ ಕಟ್ಟುಬಿದ್ದದ್ದು ಎಂದು ಅವರಿಗೆ ಮೊದಲೇ ತಿಳಿಸಿ. ನಿಮ್ಮಲ್ಲಿ ಬಿಟ್ಟು ಬೆಳ್ಳಂದೂರಿನ ಇನ್ನೊಂದು ಕಂಪನಿಗೆ ಸೇರುತ್ತೇನೆಂದರೆ ಆಗುವುದಿಲ್ಲ, ಊರಿಗೆ ಹೋಗಿ ಹೊಸ ವೀಸಾ ತರಬೇಕು. ಒಂದೇ ಸಮೂಹದ ಮಾತೃ ಕಂಪನಿ, ಅಂಗಸಂಸ್ಥೆಗಳ ನಡುವೆ ಬದಲಾಗಲು ಮಾತ್ರ ಅನುಮತಿ ಕೇಳಬಹುದು. ಒಂದು ವರ್ಷದ ವೀಸಾ ಸಿಕ್ಕಿದ್ದರೆ ವಿಸ್ತರಣೆಗೆ ಇಲ್ಲಿಂದಲೇ ಅರ್ಜಿ. ಆಗ ಫಾರ್ಮ್ 16, ತೆರಿಗೆ ರಿಟರ್ನ್, ಹೊಸ ಕರಾರು ಕೇಳುತ್ತಾರೆ. ಅವಧಿ ಮುಗಿಯುವ ಎರಡು ತಿಂಗಳು ಮೊದಲೇ ಕಾಗದ ಜೋಡಿಸಲು ಶುರುಮಾಡಿ. ಬಾಡಿಗೆ ಕರಾರು 11 ತಿಂಗಳದ್ದಾದರೆ ಸರಿಯಾಗಿ ಆ ಹೊತ್ತಿಗೇ ಅದೂ ಮುಗಿಯುತ್ತಿರುತ್ತದೆ. ಮೊದಲು ಅದನ್ನು ನವೀಕರಿಸಿ, ಆಮೇಲೆ ಅರ್ಜಿ ಹಾಕಿ.