ಡನಾಟರ್ ಕೋಟೆ ಹಾಳಾದದ್ದು ಯಾರಿಂದ?

ಸ್ಕಾಟ್ಲೆಂಡಿನ ಸ್ಟೋನ್‌ಹೇವನ್ ಬಳಿಯ ಡನಾಟರ್ ಕೋಟೆ, ಹದಿನೇಳನೆಯ ಶತಮಾನದ ಇಂಗ್ಲಿಷ್ ಸೇನಾನಾಯಕ ಕ್ರಾಮ್‌ವೆಲ್‌ನ ಫಿರಂಗಿಗಳಿಂದಲೇ ಹಾಳಾಯಿತೇ ಎಂದು ತಾವು ಕೇಳಿದ್ದೀರಿ. ಆ ದಾಳಿ ನಡೆದದ್ದು ನಿಜ. ಆದರೆ ಇಂದು ಕಾಣುವ ಪಾಳು ಸ್ಥಿತಿಗೆ ಮುಖ್ಯ ಕಾರಣ ಅದಲ್ಲ ಎಂಬುದು ನನ್ನ ಅಭಿಪ್ರಾಯ.

ಮೂರು ಕಡೆ ಉತ್ತರ ಸಮುದ್ರ, ನಾಲ್ಕನೆಯ ಕಡೆ ಕಿರಿದಾದ ಇಳಿಜಾರಿನ ದಾರಿ ಇರುವ ಈ ಕಡಿದಾದ ಬಂಡೆಯ ಮೇಲೆ, ಸ್ಕಾಟ್ಲೆಂಡಿನ ರಾಜಚಿಹ್ನೆಗಳನ್ನು ಕಾಯುವ ಅರ್ಲ್ ಮಾರ್ಷಲ್ ಎಂಬ ಪದವಿಯನ್ನು ವಂಶಪಾರಂಪರ್ಯವಾಗಿ ಹೊಂದಿದ್ದ ಕೀತ್ ಮನೆತನ ನೆಲೆಸಿತ್ತು. 1651ರಲ್ಲಿ ಆ ರಾಜ್ಯದ ಕಿರೀಟ, ರಾಜದಂಡ ಮತ್ತು ಖಡ್ಗಗಳನ್ನು ಇಲ್ಲಿಯೇ ರಕ್ಷಿಸಲಾಗಿತ್ತು. ಕ್ರಾಮ್‌ವೆಲ್‌ನ ಸೈನ್ಯದ ಮುತ್ತಿಗೆಯನ್ನು ತಿಂಗಳುಗಟ್ಟಲೆ ತಡೆದ ಕೋಟೆಯ ಪಡೆ 1652ರ ಮೇ ತಿಂಗಳಿನಲ್ಲಿ ಶರಣಾಯಿತು. ಆದರೆ ಗೆದ್ದವರ ಕೈಗೆ ಆ ರಾಜಚಿಹ್ನೆಗಳು ಸಿಗಲಿಲ್ಲ, ಏಕೆಂದರೆ ಅವನ್ನು ಮೊದಲೇ ಹೊರಗೆ ಸಾಗಿಸಿ, ಕಿನೆಫ್ ಎಂಬ ಹಳ್ಳಿಯ ಚರ್ಚಿನ ನೆಲದಡಿ ಹೂತಿಡಲಾಗಿತ್ತು. ಇದರಲ್ಲಿ ಅಲ್ಲಿನ ಪಾದ್ರಿಯ ಪತ್ನಿ ಕ್ರಿಶ್ಚಿಯನ್ ಫ್ಲೆಚರ್ ಅವರ ಪಾತ್ರ ದೊಡ್ಡದು. (ಅವರು ಅವನ್ನು ಹೊರತಂದ ಬಗೆಯ ಕುರಿತು ಒಂದಕ್ಕಿಂತ ಹೆಚ್ಚು ಕಥೆಗಳಿವೆ.)

ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಹತ್ತನೆಯ ಅರ್ಲ್ ಜಾರ್ಜ್ ಕೀತ್ ಪದಚ್ಯುತ ಸ್ಟುವರ್ಟ್ ರಾಜವಂಶವನ್ನು ಮತ್ತೆ ಸಿಂಹಾಸನಕ್ಕೇರಿಸಲು ನಡೆದ 1715ರ ಜಾಕೊಬೈಟ್ ದಂಗೆಯಲ್ಲಿ ಸೇರಿದ್ದರಿಂದ ಅವನ ಆಸ್ತಿಯನ್ನೆಲ್ಲ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು; ಬಳಿಕ ಅದನ್ನು ಕೊಂಡ ಕಂಪನಿಯು ಕೋಟೆಯಲ್ಲಿ ಮಾರಬಹುದಾದುದನ್ನೆಲ್ಲ ಕಿತ್ತು ಸಾಗಿಸಿತು. 1925ರಿಂದ ಕೌಡ್ರೇ ಕುಟುಂಬದವರು ದುರಸ್ತಿ ಮಾಡಿಸಿದ್ದರಿಂದಲೇ ಉಳಿದ ಗೋಡೆಗಳು ಇಂದಿಗೂ ನಿಂತಿವೆ.