ಸಾಫ್ಟ್‌ವೇರ್ ಕೊಡುವ ಕಾರ್ಡ್‌ಗಳೆಲ್ಲ ಯಾಕೆ ಒಂದೇ ಥರ?

ಪ್ರಶ್ನೆ: ಮನೆ ವಿಜಯನಗರ, ಕೆಲಸ ವೈಟ್‌ಫೀಲ್ಡ್‌ನಲ್ಲಿ. ಗಿಟಾರ್ ನುಡಿಸುತ್ತೇನೆ, ಕನ್ನಡದಲ್ಲಿ ಸ್ವಂತ ಹಾಡು ಬರೆಯುತ್ತೇನೆ. ಬರೆದ ಏಳು ಹಾಡಿಗೂ ಸಿ, ಜಿ, ಎ ಮೈನರ್, ಎಫ್ ಇವೇ ನಾಲ್ಕು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು). ಹೊಸದು ಸಿಗಲಿ ಅಂತ ಕಾರ್ಡ್ ಸೂಚಿಸುವ ಸಾಫ್ಟ್‌ವೇರ್ ಹಾಕಿಕೊಂಡೆ. ಅದೂ ಸುತ್ತಿ ಬಳಸಿ ಅವೇ ನಾಲ್ಕಕ್ಕೆ ಬರುತ್ತದೆ. ಇಲ್ಲಾಂದ್ರೆ ಹಾಡೋಕೇ ಆಗದ ಕಾರ್ಡ್ ಕೊಡುತ್ತದೆ. ಇನ್ನೂ ದುಬಾರಿ ಸಾಫ್ಟ್‌ವೇರ್ ತಗೊಳ್ಳಬೇಕಾ?

ಉತ್ತರ: ಬೇಡ. ಇರುವುದರಲ್ಲೇ ಕೆಲಸ ಆಗುತ್ತದೆ. ಅದನ್ನು ಕೇಳುವ ರೀತಿ ಬದಲಾಗಬೇಕು ಅಷ್ಟೆ.

ಈ ಸಾಫ್ಟ್‌ವೇರ್‌ಗಳು ಒಳಗೆ ಏನು ಮಾಡುತ್ತವೆ ಅಂತ ಮೊದಲು ನೋಡಿ. ಹುಕ್‌ಥಿಯರಿ ಅನ್ನುವ ವೆಬ್‌ಸೈಟಿನಲ್ಲಿ ಸಾವಿರಾರು ಹಾಡುಗಳ ಕಾರ್ಡ್‌ಗಳನ್ನು ಬಿಡಿಸಿ ಇಟ್ಟಿದ್ದಾರೆ. ಈ ಕಾರ್ಡ್ ಆದ ಮೇಲೆ ಯಾವುದು ಎಷ್ಟು ಸಲ ಬಂದಿದೆ ಅನ್ನುವುದನ್ನು ಅದು ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ. ಅಂದರೆ ಪಟ್ಟಿಯ ಮೇಲ್ತುದಿಯಲ್ಲಿ ಕೂತಿರುವುದು ಎಲ್ಲರೂ ಜಾಸ್ತಿ ಬಳಸಿರುವ ಕಾರ್ಡ್! ಸ್ಕೇಲರ್ ಅನ್ನುವ ಸಾಫ್ಟ್‌ವೇರ್ ಇನ್ನೊಂದು ಬಗೆಯದು. ನೀವು ನುಡಿಸಿದ್ದನ್ನು ಕೇಳಿ ಸ್ಕೇಲ್ (ಹಾಡಿಗೆ ಬಳಸುವ ಸ್ವರಗಳ ಸಾಲು) ಗುರುತಿಸುತ್ತದೆ, ಆ ಸ್ಕೇಲಿಗೆ ಸೇರುವ ಕಾರ್ಡ್‌ಗಳನ್ನು ಮುಂದಿಡುತ್ತದೆ. ಸಿ ಮೇಜರ್‌ನಲ್ಲಿ ಮೂರು ಸ್ವರದ ಕಾರ್ಡ್ ಇರುವುದೇ ಏಳು. ಅದರಲ್ಲಿ ಬಿ ಡಿಮಿನಿಶ್ಡ್ ಅನ್ನು ಹಾಡಿನಲ್ಲಿ ಬಳಸುವವರು ಕಡಿಮೆ. ಉಳಿದ ಆರರಲ್ಲಿ ನಾಲ್ಕು ನಿಮ್ಮವೇ. ಹಾಗಾಗಿ ಅವೇ ತಿರುಗಿ ಬರುವುದರಲ್ಲಿ ಆಶ್ಚರ್ಯ ಇಲ್ಲ.

ಇವೆರಡಕ್ಕೂ ನಿಮ್ಮ ಸಾಹಿತ್ಯ ಗೊತ್ತಿಲ್ಲ. ನನಗೆ ಮುಖ್ಯ ಅನಿಸುವುದು ಇದೇ. ಕಾರ್ಡ್ ಹೊಸದಾಗಿ ಕೇಳಿಸುವುದು ಅದು ಅಪರೂಪದ್ದು ಅಂತಲ್ಲ. ಆ ಮಾತಿಗೆ, ಆ ಸ್ವರಕ್ಕೆ ಅದು ಕೂತ ರೀತಿಯಿಂದ. ಅದಕ್ಕೇ ಮೊದಲು ಟ್ಯೂನ್ ಕಟ್ಟಿ, ಆಮೇಲೆ ಸಾಫ್ಟ್‌ವೇರ್ ಹತ್ತಿರ ಹೋಗಿ. ಟ್ಯೂನ್ ಕಟ್ಟುವಾಗ ಗಿಟಾರ್ ಮುಟ್ಟಲೇಬೇಡಿ. ಗಿಟಾರ್ ಕೈಯಲ್ಲಿದ್ದರೆ ಬೆರಳು ತಾನಾಗೇ ಅಭ್ಯಾಸದ ಜಾಗಕ್ಕೆ ಹೋಗುತ್ತದೆ. ದಿನಾ ನೇರಳೆ ಮಾರ್ಗದ ಮೆಟ್ರೋದಲ್ಲಿ ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ಹೋಗುತ್ತೀರಿ ಅಲ್ವಾ? ಆ ಹೊತ್ತು ಇದಕ್ಕೆ ಚೆನ್ನಾಗಿದೆ. ಮನಸ್ಸಲ್ಲೇ ಗುನುಗಿ, ಇಳಿದ ಮೇಲೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಒಂದು ಸಾಲು ಇಟ್ಟುಕೊಂಡು ನೋಡೋಣ. ‘ಬಾಗಿಲ ಬಳಿ ನಿನ್ನ ಚಪ್ಪಲಿ ಇಲ್ಲ.’ ಸಿ ಮೇಜರ್‌ನಲ್ಲಿ ಹಾಡುತ್ತಿದ್ದೀರಿ, ‘ಇಲ್ಲ’ ಬಂದು ಸಿ ಸ್ವರದ ಮೇಲೆ, ಅಂದರೆ ಷಡ್ಜದ ಮೇಲೆ ನಿಲ್ಲುತ್ತದೆ ಅಂದುಕೊಳ್ಳಿ. ಇಲ್ಲಿ ಸಾಫ್ಟ್‌ವೇರ್ ಸಿ ಮೇಜರ್ ಹಾಕು ಅನ್ನುತ್ತದೆ. ಹಾಕಿ ಹಾಡಿ ನೋಡಿ. ಎಲ್ಲ ಸರಿಹೋಯಿತು, ಮನೆ ಸೇರಿದೆವು ಅನ್ನುವ ಹಾಗೆ ಕೇಳಿಸುತ್ತದೆ. ಆದರೆ ಮಾತು ಹೇಳುತ್ತಿರುವುದು ಅದಲ್ಲವಲ್ಲ!

ಈಗ ಸಾಫ್ಟ್‌ವೇರ್‌ಗೆ ಪ್ರಶ್ನೆ ತಿರುಗಿಸಿ ಕೇಳಿ: ಸಿ ಸ್ವರ ಇರುವ ಕಾರ್ಡ್ ಯಾವುದೆಲ್ಲ ಇದೆ? ಸ್ಕೇಲಿನ ಒಳಗೆ ಸಿ, ಎಫ್, ಎ ಮೈನರ್ ಸಿಗುತ್ತವೆ. ಹೊರಗೆ ಎಫ್ ಮೈನರ್, ಎ ಫ್ಲ್ಯಾಟ್, ಡಿ ಸೆವೆನ್. ಒಂದೊಂದನ್ನೇ ಆ ‘ಇಲ್ಲ’ದ ಕೆಳಗೆ ಇಟ್ಟು ಹಾಡಿ. ಎಫ್ ಮೈನರ್ ಬಂದಾಗ ಸ್ವಲ್ಪ ನಿಲ್ಲಿ. ದನಿ ಷಡ್ಜಕ್ಕೆ ಬಂದು ಸೇರಿದೆ, ಕೆಳಗಿನ ಕಾರ್ಡ್ ಇನ್ನೂ ಸೇರಿಲ್ಲ. ಮನೆಗೇನೋ ಬಂದಾಯಿತು, ಮನೆಯಲ್ಲಿ ಯಾರೂ ಇಲ್ಲ. ಆ ಸಾಲಿಗೆ ಬೇಕಾಗಿದ್ದೇ ಅದು. ಮುಂದಿನ ಸಾಲನ್ನು ಸಿ ಮೇಜರ್‌ನಿಂದ ಶುರು ಮಾಡಿದರೆ ಆ ಭಾರ ಸಲೀಸಾಗಿ ಇಳಿಯುತ್ತದೆ.

ಒಂದು ಪಲ್ಲವಿಗೆ ಇಂಥ ಒಂದು ಬದಲಾವಣೆ ಸಾಕು. ಕ್ಲಾಸಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಒಂದು ಕಾರ್ಡ್ ಚೆನ್ನಾಗಿ ಕೂತಿತು ಅಂತ ನಾಲ್ಕನ್ನೂ ಬದಲಾಯಿಸುತ್ತಾರೆ, ಆಗ ಆ ಒಂದರ ಕಳೆಯೂ ಹೋಗುತ್ತದೆ. ನಿಮಗೆ ಬಂದ ಆ ವಿಚಿತ್ರ ಕಾರ್ಡ್‌ಗಳನ್ನೂ ಹೀಗೇ ನೋಡಿ. ಹಾಡುವ ಸ್ವರ ಆ ಕಾರ್ಡಿನೊಳಗೆ ಇದ್ದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಬಿಡಿ.

ಹಳೇ ನಾಲ್ಕೇ ಇರಲಿ ಅನಿಸಿದರೆ ಬೇಸ್, ಅಂದರೆ ಕಾರ್ಡಿನ ಎಲ್ಲಕ್ಕಿಂತ ಕೆಳಗಿನ ಸ್ವರ, ಬದಲಾಯಿಸಿ. ಜಿ ಕಾರ್ಡಿನ ಕೆಳಗೆ ಜಿ ಬದಲು ಬಿ ನುಡಿಸಿ. ಸಿ, ಬಿ, ಎ ಅಂತ ಬೇಸ್ ಮೆಟ್ಟಿಲು ಇಳಿದ ಹಾಗೆ ಇಳಿಯುತ್ತದೆ. ಕ್ಯೂಬೇಸ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಇರುವವರು ಅದರ ಕಾರ್ಡ್ ಅಸಿಸ್ಟೆಂಟ್ ತೆರೆದು ಎರಡು ಕಾರ್ಡ್ ನಡುವೆ ಜಾಗ ಖಾಲಿ ಬಿಟ್ಟು ನೋಡಬಹುದು. ಅಲ್ಲಿ ಯಾವುದು ಹೊಂದುತ್ತದೆ ಅಂತ ಅದೇ ಸೂಚಿಸುತ್ತದೆ.

ಪ್ರಶ್ನೆ: ಸಾಫ್ಟ್‌ವೇರ್ ಕೊಟ್ಟ ಕಾರ್ಡ್‌ಗಳನ್ನು ಬಳಸಿದರೆ ನಾಳೆ ಯಾರಾದರೂ ಕೇಸ್ ಹಾಕಬಹುದಾ? (ರಾಜಾಜಿನಗರದ ಓದುಗರು)

ಉತ್ತರ: ಎಲ್ಲರೂ ಬಳಸುವ ಕಾರ್ಡ್‌ಗಳ ಸಾಲಿಗೆ ಹೆದರಬೇಡಿ. 2023ರಲ್ಲಿ ನ್ಯೂಯಾರ್ಕ್‌ನಲ್ಲಿ ಗಾಯಕ ಎಡ್ ಶೀರನ್ ಮೇಲೆ ಹಾಕಿದ್ದ ಮೊಕದ್ದಮೆಯಲ್ಲಿ ಇಂಥ ಕಾರ್ಡ್‌ಗಳ ಸಾಲು ಯಾರೊಬ್ಬರ ಸ್ವತ್ತೂ ಅಲ್ಲ ಅನ್ನುವ ವಾದ ಬಂತು, ಜ್ಯೂರಿ ಅವರ ಪರವಾಗಿ ತೀರ್ಪು ಕೊಟ್ಟಿತು. ಅದು ಅಮೆರಿಕದ ತೀರ್ಪು, ಆದರೂ ತಿಳಿದಿರಲಿ. ನೀವು ಎಚ್ಚರ ವಹಿಸಬೇಕಾದ್ದು ಟ್ಯೂನ್ ಮತ್ತು ಸಾಹಿತ್ಯದ ವಿಷಯದಲ್ಲಿ.

ಪ್ರಶ್ನೆ: ಚಿಕ್ಕಂದಿನಲ್ಲಿ ಮಲ್ಲೇಶ್ವರದಲ್ಲಿ ಕರ್ನಾಟಕ ಸಂಗೀತ ಕಲಿತೆ. ಈಗ ರಾಗದಲ್ಲಿ ಹಾಡು ಕಟ್ಟಿ ಸಾಫ್ಟ್‌ವೇರ್‌ನಲ್ಲಿ ಕಾರ್ಡ್ ಹಾಕಿಸಿದರೆ ರಾಗವೇ ಹಾಳಾಗುತ್ತದೆ. ದಾರಿ ಇದೆಯಾ?

ಉತ್ತರ: ಇದೆ, ಅದೂ ನಿಮ್ಮ ಮೊದಲ ಪಾಠದಲ್ಲೇ. ಸರಳೆ ವರಸೆ ಹಾಡಿದ ಮಾಯಾಮಾಳವಗೌಳವನ್ನೇ ತಗೊಳ್ಳಿ. ಸಾಫ್ಟ್‌ವೇರ್‌ನ ಸ್ಕೇಲ್ ಪಟ್ಟಿಯಲ್ಲಿ ಅದು ಸಾಮಾನ್ಯವಾಗಿ ‘ಡಬಲ್ ಹಾರ್ಮೋನಿಕ್’ ಅನ್ನುವ ಹೆಸರಲ್ಲಿರುತ್ತದೆ. ಕೀರವಾಣಿಗೆ ‘ಹಾರ್ಮೋನಿಕ್ ಮೈನರ್’, ಖರಹರಪ್ರಿಯಕ್ಕೆ ‘ಡೋರಿಯನ್’ ಅಂತ ಹುಡುಕಿ. ಸ್ಕೇಲ್ ಮೊದಲೇ ಹೀಗೆ ಕಟ್ಟಿಹಾಕಿದರೆ ಅದು ಹೊರಗಿನ ಸ್ವರ ತರುವುದಿಲ್ಲ.

ಸಿ ಯನ್ನು ಷಡ್ಜ ಮಾಡಿಕೊಂಡರೆ ಮಾಯಾಮಾಳವಗೌಳದಲ್ಲಿ ಸಿ ಮೇಜರ್, ಡಿ ಫ್ಲ್ಯಾಟ್ ಮೇಜರ್, ಇ ಮೈನರ್, ಎಫ್ ಮೈನರ್ ಸಿಗುತ್ತವೆ. ಜಿ ಮೇಜರ್ ಸಿಗುವುದಿಲ್ಲ, ಯಾಕಂದ್ರೆ ಅದಕ್ಕೆ ಬೇಕಾದ ಡಿ ಈ ರಾಗದಲ್ಲಿ ಇಲ್ಲ. ಮನೆಗೆ ಮರಳಲು ಎಲ್ಲರೂ ಹಿಡಿಯುವ ಆ ದಾರಿ ಮುಚ್ಚಿದೆ. ಆಗ ಡಿ ಫ್ಲ್ಯಾಟ್‌ನಿಂದ ಅರ್ಧ ಸ್ವರ ಇಳಿದು ಸಿ ಗೆ ಬರುತ್ತೀರಿ. ಒಮ್ಮೆ ನುಡಿಸಿ ನೋಡಿ, ಬೆಳಗಿನ ಹೊತ್ತು ಸರಳೆ ವರಸೆ ಹಾಡಿದ ಕಿವಿಗೆ ಅದು ತಕ್ಷಣ ಗುರುತು ಸಿಗುತ್ತದೆ.

ಮೋಹನ ರಾಗದಲ್ಲಿ ಪೂರ್ತಿ ಕಾರ್ಡ್ ಎರಡೇ: ಸಿ ಮೇಜರ್, ಎ ಮೈನರ್. ಅಲ್ಲಿ ‘ಸಸ್’ ಕಾರ್ಡ್‌ಗಳನ್ನು (ನಡುವಿನ ಸ್ವರದ ಬದಲು ಅದರ ಪಕ್ಕದ ಸ್ವರ ಇರುವವು) ಬಳಸಿ.

ಇನ್ನು ಗಮಕ, ಅಂದರೆ ಸ್ವರವನ್ನು ತೂಗಿ ಹಾಡುವುದು. ತೋಡಿ ರಾಗದ ಗಾಂಧಾರ ಒಂದು ಕಡೆ ನಿಲ್ಲುವುದಿಲ್ಲ, ತೂಗುತ್ತಲೇ ಇರುತ್ತದೆ. ಕಾರ್ಡ್ ಅದೇ ಸ್ವರವನ್ನು ಗಟ್ಟಿಯಾಗಿ ಹಿಡಿದು ನಿಂತರೆ ದನಿಗೂ ಕಾರ್ಡಿಗೂ ಜಗಳ. ಗಮಕ ಬರುವ ಸ್ವರವನ್ನು ಕಾರ್ಡಿನಿಂದ ತೆಗೆದುಬಿಡಿ. ಸುಮ್ನೆ ಷಡ್ಜ, ಪಂಚಮ ಎರಡೇ ಹಿಡಿದರೂ ಸಾಕು. ನೀವು ತಂಬೂರಿಯ ಜೊತೆ ಹಾಡಿ ಕಲಿತವರು, ಆ ಜಾಗದಲ್ಲಿ ಹೇಗೆ ಹಾಡಬೇಕು ಅಂತ ನಿಮಗೆ ಚೆನ್ನಾಗಿ ಗೊತ್ತು.