ತಂಗಿ ಯಾಕೆ ಡಾಕ್ಟರ್ ಹತ್ರ ಹೋಗಲ್ಲ?

ದಾವಣಗೆರೆಯಿಂದ ನಿವೃತ್ತ ಮೇಷ್ಟ್ರೊಬ್ಬರ ಪತ್ರ: “ನಾನು ದಿನಾ ಐದು ಕಿಲೋಮೀಟರ್ ನಡೀತೀನಿ, ಬಾಯಿ ಕಟ್ಟಿದೀನಿ. ಆದ್ರೂ ಇನ್ಶೂರೆನ್ಸ್ ಪ್ರೀಮಿಯಂ ವರ್ಷಾವರ್ಷ ಏರ್ತಿದೆ. ದಪ್ಪಗಿರೋರ ಆಸ್ಪತ್ರೆ ಖರ್ಚು ನಾವ್ಯಾಕೆ ಹೊರಬೇಕು? ನನ್ನ ತಂಗೀನೂ ಹಾಗೇ, ಎಷ್ಟು ಹೇಳಿದ್ರೂ ಡಾಕ್ಟರ್ ಹತ್ರ ಹೋಗಲ್ಲ.”

ಮೇಷ್ಟ್ರೇ, ಈ ವಯಸ್ಸಲ್ಲಿ ದಿನಾ ಐದು ಕಿಲೋಮೀಟರ್ ಅಂದ್ರೆ ದೊಡ್ಡ ವಿಷಯ, ನಮಸ್ಕಾರ. ನಿಮ್ಮ ಮಾತಲ್ಲಿ ನಿಜಾನೂ ಇದೆ, ಮೈ ಭಾರ ಆದಷ್ಟೂ ಶುಗರ್, ಬಿಪಿ, ಮಂಡಿನೋವು, ಆಸ್ಪತ್ರೆ ಓಡಾಟ ಎಲ್ಲ ಜಾಸ್ತಿ. ಆದ್ರೆ ಅದೆಲ್ಲ ನಿಮ್ಮ ತಲೆ ಮೇಲೆ ಬೀಳ್ತಿದೆ ಅನ್ನೋದನ್ನ ನಾನು ಒಪ್ಪಲ್ಲ.

2008ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಒಂದು ಲೆಕ್ಕ ಹಾಕಿದ್ರು, 20ನೇ ವಯಸ್ಸಿಂದ ಸಾಯೋವರೆಗೆ ಒಬ್ಬರ ವೈದ್ಯಕೀಯ ಖರ್ಚು ಎಷ್ಟು ಅಂತ. ಸಣ್ಣಗಿದ್ದು ಸಿಗರೇಟ್ ಮುಟ್ಟದೋರಿಗೆ ಸುಮಾರು 2,81,000 ಯೂರೋ, ಬೊಜ್ಜಿರೋರಿಗೆ 2,50,000. ಅವರು ಬೇಗ ಹೋಗ್ಬಿಡ್ತಾರೆ, ಅದಕ್ಕೆ. ಬರೆಯೋಕೇ ಸಂಕಟ ಆಗತ್ತೆ. ನಮ್ಮಲ್ಲಿ ನೋಡಿ, ಬಿಎಂಐ, ಅಂದ್ರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, 25 ದಾಟಿದ್ರೆ ಬೊಜ್ಜು ಅಂತಾರೆ ಡಾಕ್ಟರ್‌ಗಳು, ಆದ್ರೆ ತೂಕ ಇಳಿಸೋ ಆಪರೇಷನ್‌ಗೆ ಇನ್ಶೂರೆನ್ಸ್ ದುಡ್ಡು ಕೊಡಬೇಕಂದ್ರೆ, ಇನ್ಶೂರೆನ್ಸ್ ಕಂಪನಿಗಳಿಗೆ ನಿಯಮ ಮಾಡೋ ಸರ್ಕಾರಿ ಸಂಸ್ಥೆ ಐಆರ್‌ಡಿಎಐ ನಿಯಮದ ಪ್ರಕಾರ ಬಿಎಂಐ 40 ಇರಬೇಕು, ಇಲ್ಲಾ 35 ಇದ್ದು ಜೊತೆಗೆ ಹೃದ್ರೋಗಾನೋ ಕಂಟ್ರೋಲ್‌ಗೆ ಬರದ ಶುಗರ್ರೋ ಅಂಥದ್ದೇನಾದ್ರೂ ಇರಬೇಕು. ಅಷ್ಟು ಕೆಡೋ ತನಕ ಕಾಯಿ ಅಂತ ತಾನೇ ಅದರರ್ಥ?

ನಮ್ಮ ಚಿಕ್ಕಮ್ಮಂಗೆ ಊಟ ಆದ್ಮೇಲೆ ಬಲಗಡೆ ಪಕ್ಕೆ ಕೆಳಗೆ ನೋವು ಬರ್ತಿತ್ತು. ಹೋದಾಗೆಲ್ಲ “ಮೊದ್ಲು ಹತ್ತು ಕೆಜಿ ಇಳಿಸ್ಕೊಂಡ್ ಬಾಮ್ಮ” ಅಂದು ಗ್ಯಾಸಿನ ಮಾತ್ರೆ ಕೊಟ್ಟು ಕಳಿಸೋರು, ಹೊಟ್ಟೆ ಮುಟ್ಟಿ ಕೂಡ ನೋಡ್ಲಿಲ್ಲ. ಮೂರನೇ ಸಲ ಆದ್ಮೇಲೆ ಅವರು ಹೋಗೋದೇ ಬಿಟ್ಟರು. ಒಂದೂವರೆ ವರ್ಷ ಬಿಟ್ಟು ರಾತ್ರೋರಾತ್ರಿ ಎತ್ಕೊಂಡು ಓಡಿದ್ವಿ, ಪಿತ್ತಕೋಶದ ತುಂಬ ಕಲ್ಲು, ಕೀವು, ಆರು ದಿನ ಐಸಿಯು. ಒಂದು ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗ್ತಿದ್ದ ಕಾಯಿಲೆ. ಆ ಬಿಲ್‌ನ ಯಾರ ಲೆಕ್ಕಕ್ಕೆ ಬರೀತೀರಿ ಮೇಷ್ಟ್ರೇ?

ಬಿಪಿ ನೋಡೋವಾಗ ತೋಳಿಗೆ ಸುತ್ತೋ ಪಟ್ಟೀನೇ ತಗೊಳ್ಳಿ. ತುಂಬಾ ದಪ್ಪ ತೋಳಿಗೆ ಮಾಮೂಲಿ ಪಟ್ಟಿ ಸುತ್ತಿದ್ರೆ ಮೇಲಿನ ನಂಬರ್ ಸುಮಾರು 20 ಪಾಯಿಂಟ್ ಜಾಸ್ತಿ ತೋರಿಸ್ತು ಅಂತ 2023ರಲ್ಲಿ ಅಮೆರಿಕದ ಅಧ್ಯಯನ ಒಂದು ಹೇಳಿತ್ತು. ಎಷ್ಟು ಕ್ಲಿನಿಕ್‌ನಲ್ಲಿ ದೊಡ್ಡ ಪಟ್ಟಿ ನೋಡಿದೀರಿ?

ಸರ್ಕಾರದ ಕುಟುಂಬ ಆರೋಗ್ಯ ಸಮೀಕ್ಷೇಲಿ 2015-16ರಲ್ಲಿ ಕರ್ನಾಟಕದ 100 ಹೆಂಗಸರಲ್ಲಿ 23 ಜನರ ತೂಕ ಜಾಸ್ತಿ ಇತ್ತು, 2019-21ಕ್ಕೆ 30. ಅಷ್ಟು ಬೇಗ ಎಲ್ರೂ ಸೋಮಾರಿಗಳಾಗ್ಬಿಟ್ರಾ? ಫುಟ್‌ಪಾತ್ ಮೇಲೆ ಬೈಕ್ ನಿಲ್ಲಿಸಿದೀವಿ, ಮೈದಾನ ಇಲ್ಲದ ಶಾಲೆಗೆ ಪರ್ಮಿಷನ್ ಕೊಟ್ಟಿದೀವಿ, ಪಿಟಿ ಪೀರಿಯಡ್‌ನ ಗಣಿತದೋರು ಕಿತ್ಕೊಂಡಾಗ ಒಬ್ರೂ ಕೇಳ್ಲಿಲ್ಲ, ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ತಂಗಿಗೆ ಬುದ್ಧಿ ಹೇಳೋದು ಸ್ವಲ್ಪ ದಿನ ಬಿಡಿ. ಕೊನೇ ಸಲ ಹೋದಾಗ ಡಾಕ್ಟರ್ ಏನಂದ್ರು ಅಂತ ಕೇಳಿ, ಪೂರ್ತಿ ಕೇಳಿಸ್ಕೊಳ್ಳಿ. ಆಮೇಲೆ ಬೇರೆ ಡಾಕ್ಟರ್ ಹತ್ರ ನೀವೇ ಜೊತೆಗೆ ಹೋಗಿ, ದೊಡ್ಡ ಪಟ್ಟೀಲಿ ಬಿಪಿ ನೋಡಿ ಅಂತ ಕೇಳಿ. ಏನಾಯ್ತು ಅಂತ ನಂಗೆ ಬರೀರಿ.